ಕರ್ರ್ ಅನ್ನುವುದು ಗೇರು, ತಪ್ಪು ಕ್ಲಚ್ಚಿನದು

ಗೇರ್ ಬದಲಿಸುವಾಗ ನಿಮ್ಮ ಕಾರು ‘ಕರ್ರ್’ ಎನ್ನುತ್ತಿದೆಯೇ, ಗೇರು ಬೀಳದೆ ಹಟ ಹಿಡಿಯುತ್ತಿದೆಯೇ? ಎಂಜಿನ್ ಆಫ್ ಇರುವಾಗ ಕ್ಲಚ್ ಒತ್ತಿ, ಒಂದರಿಂದ ಐದರವರೆಗೂ ರಿವರ್ಸ್‌ಗೂ ಗೇರ್ ಹಾಕಿ ನೋಡಿ. ಒಂದೆರಡು ಗೇರು ಹಲ್ಲಿಗೆ ಹಲ್ಲು ತಾಗಿ ನಿಂತರೆ ಕಾರನ್ನು ಒಂದಿಂಚು ತಳ್ಳಿ ಮತ್ತೆ ಹಾಕಿ. ಆಮೇಲೆ ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಟ್ಟು ಅದನ್ನೇ ಮತ್ತೊಮ್ಮೆ ಮಾಡಿ. ಮೊದಲು ಸಲೀಸಾಗಿ ಬಿದ್ದ ಗೇರುಗಳು ಈಗ ಹಟ ಹಿಡಿದರೆ ಮೊದಲ ಅನುಮಾನ ಕ್ಲಚ್ಚಿನ ಮೇಲೆ: ಅದು ಪೂರ್ತಿ ಬಿಡುತ್ತಿಲ್ಲ, ಅಂದರೆ ಪೆಡಲ್ ಒತ್ತಿದರೂ ಎಂಜಿನ್ನಿನ ತಿರುಗಾಟ ಗೇರುಗಳಿಗೆ ತಲುಪುತ್ತಲೇ ಇದೆ. ಎರಡು ಸಲವೂ ಬಿಗಿಯಾಗಿದ್ದರೆ ಲಿವರ್‌ನಿಂದ ಗೇರ್‌ಬಾಕ್ಸಿಗೆ ಹೋಗುವ ಕೇಬಲ್ ಮತ್ತು ಬುಶ್ ನೋಡಬೇಕು. ಗೋವಾದ ಉಪ್ಪುಗಾಳಿಯಲ್ಲಿ ನಿಲ್ಲುವ ಕಾರುಗಳಲ್ಲಿ ಈ ಕೇಬಲ್ ತುಕ್ಕು ಹಿಡಿದು ಬಿಗಿಯುವುದುಂಟು.

ಐದು ನಿಮಿಷದ, ಕಾಸು ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು, ಶನಿವಾರ ಬಂಪರ್‌ಗೆ ಲಿಂಬೆ-ಮೆಣಸಿನಕಾಯಿ ಕಟ್ಟಿ, ಕೊನೆಗೆ ‘ಈ ಗಾಡಿ ನಮಗೆ ಆಗಿಬರಲಿಲ್ಲ’ ಎಂದು ಮಾರಿಬಿಡುವವರು ಮುಂಬೈ, ಪುಣೆಯ ನಮ್ಮವರಲ್ಲೂ ಇದ್ದಾರೆ. ಗಾಡಿಗೆ ದೃಷ್ಟಿ ತಾಗುವುದಿಲ್ಲ. ಅದರೊಳಗೆ ಏನು ನಡೆಯುತ್ತಿದೆಯೋ ಅದು ಮಾತ್ರ ಇದೆ, ಮತ್ತು ಅದು ಸೊಗಸಾದ ಸಂಗತಿ.

ಮೊದಲು ಒಂದು ತಪ್ಪು ಕಲ್ಪನೆ ತೊಲಗಲಿ. ‘ಕರ್ರ್’ ಎಂದಾಗ ಗೇರಿನ ದೊಡ್ಡ ಹಲ್ಲುಗಳು ಒಂದಕ್ಕೊಂದು ಉಜ್ಜುತ್ತಿವೆ ಎಂದುಕೊಳ್ಳುತ್ತೇವೆ. ಮುಂದಕ್ಕೆ ಓಡಿಸುವ ಗೇರುಗಳೆಲ್ಲ ಇಂದಿನ ಗೇರ್‌ಬಾಕ್ಸಿನಲ್ಲಿ ಸದಾ ಜೋಡಿ ಕೂಡಿಕೊಂಡೇ ತಿರುಗುತ್ತಿರುತ್ತವೆ. ಲಿವರ್ ಎಳೆದಾಗ ಸರಿಯುವುದು ಒಂದು ತೋಳು, ಅಂದರೆ ಸ್ಲೀವ್. ಅದು ಗೇರಿನ ಪಕ್ಕದ ಪುಟ್ಟ ಹಲ್ಲುಗಳನ್ನು ಹಿಡಿದು, ಆ ಗೇರನ್ನು ಶಾಫ್ಟಿಗೆ ಬಿಗಿಯುತ್ತದೆ. ಎರಡರ ವೇಗವೂ ಒಂದೇ ಆಗದೆ ಹಿಡಿಯಹೋದರೆ ಕರ್ರ್.

ಲೆಕ್ಕ ಹಾಕಿ ನೋಡಿ. ಎರಡನೇ ಗೇರಿನ ಅನುಪಾತ 2 (ಗೇರ್ ದಾಟಿ ಹೊರಬರುವ ಒಂದು ಸುತ್ತಿಗೆ ಎಂಜಿನ್ನಿನ ಎರಡು ಸುತ್ತು), ಮೂರನೆಯದು 1.4 ಇರಲಿ. ಎಂಜಿನ್ ನಿಮಿಷಕ್ಕೆ 3000 ಸುತ್ತಿನಲ್ಲಿರುವಾಗ ಗೇರ್ ಬದಲಿಸಿದರೆ, ಅದೇ ಓಟಕ್ಕೆ ಮೂರನೇ ಗೇರಿನಲ್ಲಿ 2100 ಸುತ್ತು ಸಾಕು. ಕ್ಲಚ್ ಪ್ಲೇಟು ಮತ್ತು ಅದರ ಶಾಫ್ಟು ಕಣ್ಣು ಮಿಟುಕಿಸುವಷ್ಟರಲ್ಲಿ ನಿಮಿಷಕ್ಕೆ 900 ಸುತ್ತಿನಷ್ಟು ವೇಗ ಕಳೆದುಕೊಳ್ಳಬೇಕು. ಹಿಂದೆ ಇದು ಚಾಲಕನ ಕೆಲಸವಾಗಿತ್ತು: ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಮತ್ತೆ ಒತ್ತಿ ಗೇರ್. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರುಗಳಿಗೆ ಅರ್ಲ್ ಥಾಂಪ್ಸನ್ ಅವರ ಸಿಂಕ್ರೋಮೆಶ್ ಬಂತು, ಆ ಕಾಲ್ಚಳಕದ ಅಗತ್ಯ ತಪ್ಪಿತು. ಇಂದು ಆ ಕೆಲಸ ಮಾಡುವುದು ಹೆಚ್ಚಾಗಿ ಹಿತ್ತಾಳೆಯ ಒಂದು ಬಳೆ, ಸಿಂಕ್ರೋ ರಿಂಗ್.

ಮುಂಬೈಯ ದಾದರ್ ಪ್ಲಾಟ್‌ಫಾರ್ಮಿನಲ್ಲಿ ಹೊರಟ ಲೋಕಲ್ ಹತ್ತುವವರು ಒಂದೆರಡು ಹೆಜ್ಜೆ ರೈಲಿನ ಜೊತೆಗೇ ಓಡುತ್ತಾರಲ್ಲ (ಮಾಡಬಾರದ ಕೆಲಸ), ಬಳೆ ಮಾಡುವುದೂ ಅದನ್ನೇ. ಇನ್ನೂ ಹತ್ತಿರದ ಹೋಲಿಕೆ ಕುಂಬಾರನ ಚಕ್ರ: ತಿರುಗುವ ಚಕ್ರಕ್ಕೆ ಅಂಗೈ ಒತ್ತಿದರೆ ವೇಗ ಇಳಿಯುತ್ತದೆ. ಬಳೆಯ ಇಳಿಜಾರು ಒಳಮೈ ಗೇರಿನ ಶಂಕುವಿಗೆ ಒತ್ತಿಕೊಂಡು ಹಾಗೆಯೇ ಉಜ್ಜುತ್ತದೆ. ಉಜ್ಜುವಾಗಲೇ ಬಳೆ ಅರ್ಧ ಹಲ್ಲಿನಷ್ಟು ಓರೆಯಾಗಿ, ಕಾವಲುಗಾರನಂತೆ ತೋಳಿಗೆ ಅಡ್ಡ ನಿಲ್ಲುತ್ತದೆ. ವೇಗ ಒಂದಾದ ಕ್ಷಣ ಉಜ್ಜಾಟ ನಿಂತು, ಅದು ತಾನಾಗಿ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ.

ಈಗ ಕ್ಲಚ್ ಅರೆಬರೆ ಬಿಡುತ್ತಿದೆ ಎಂದುಕೊಳ್ಳಿ. ನೀವು ಚಕ್ರಕ್ಕೆ ಅಂಗೈ ಒತ್ತಿದ್ದೀರಿ, ಇನ್ನೊಬ್ಬ ಅತ್ತಲಿಂದ ಅದನ್ನು ತಿರುಗಿಸುತ್ತಲೇ ಇದ್ದಾನೆ! ಬಳೆ ಗೆಲ್ಲುವುದಿಲ್ಲ, ಸವೆಯುತ್ತದೆ. ಬಳೆ ಬದಲಿಸಿಯೂ ಆರು ತಿಂಗಳಲ್ಲಿ ಅದೇ ಸದ್ದು ಬಂದರೆ ಕ್ಲಚ್ ನೋಡದೆ ಬಿಟ್ಟಿರುವ ಸಾಧ್ಯತೆಯೇ ಹೆಚ್ಚು.

ಖಚಿತಪಡಿಸಿಕೊಳ್ಳಲು, ಕಾರು ನಿಂತಿದ್ದು ಎಂಜಿನ್ ಚಾಲೂ ಇರುವಾಗ, ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿ ಐದು ಸೆಕೆಂಡು ಕಾದು ರಿವರ್ಸ್ ಹಾಕಿ. ಹಲವು ಕಾರುಗಳಲ್ಲಿ ರಿವರ್ಸ್‌ಗೆ ಬಳೆಯೇ ಇರುವುದಿಲ್ಲ, ಹಾಗಾಗಿ ಅದು ಸುಳ್ಳು ಹೇಳುವುದಿಲ್ಲ. ಆಗಲೂ ಕರ್ರ್ ಎಂದರೆ ಕ್ಲಚ್ ಪೂರ್ತಿ ಬಿಡದೆ ಗೇರುಗಳನ್ನು ಎಳೆಯುತ್ತಿದೆ. ಪೆಡಲನ್ನು ಮೂರ್ನಾಲ್ಕು ಸಲ ಪಂಪ್ ಮಾಡಿದಾಗ ಸರಿಹೋದರೆ ಹೈಡ್ರಾಲಿಕ್ (ದ್ರವ ತುಂಬಿದ) ಕೊಳವೆಯಲ್ಲಿ ಗಾಳಿ ಸೇರಿದೆ ಅಥವಾ ಸಿಲಿಂಡರ್‌ನ ಸೀಲ್ ಹೋಗಿದೆ. ಕೇಬಲ್ ಕ್ಲಚ್ ಆಗಿದ್ದರೆ ಪೆಡಲ್‌ನ ಬಿಡುವನ್ನು (ಒತ್ತಿದಾಗ ಮೊದಲು ಸಿಗುವ ಸಡಿಲು) ಕೈಪಿಡಿಯಲ್ಲಿ ಹೇಳಿದಷ್ಟಕ್ಕೆ ಹೊಂದಿಸಬೇಕು. ಇದಕ್ಕೆಲ್ಲ ಮೊದಲು ಕಾಲಡಿ ಬಗ್ಗಿ ನೋಡಿ: ಮಳೆಗಾಲಕ್ಕೆಂದು ಹಾಕಿದ ಎರಡನೇ ರಬ್ಬರ್ ಮ್ಯಾಟ್ ಪೆಡಲನ್ನು ತಡೆಯುತ್ತಿರಬಹುದು. ಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಕ್ಲಚ್ ಪ್ಲೇಟು ತುಕ್ಕಿನಿಂದ ಫ್ಲೈವೀಲಿಗೆ (ಎಂಜಿನ್ನಿನ ಭಾರದ ಚಕ್ರಕ್ಕೆ) ಅಂಟಿಕೊಳ್ಳುವುದೂ ಉಂಟು.

ಒಂದೇ ಗೇರು, ಅದೂ ಓಡುವಾಗ ಮಾತ್ರ ಕರ್ರ್ ಎಂದರೆ ಆಗ ಬಳೆಯನ್ನು ಅನುಮಾನಿಸಿ. ಹಳೆಯ ಚಾಲಕರಂತೆ ಎರಡು ಸಲ ಕ್ಲಚ್ ಒತ್ತಿ ಹಾಕಿದಾಗ ಸದ್ದು ಮಾಯವಾದರೆ ಅನುಮಾನ ನಿಜ. ಇಲ್ಲಿ ‘ದಪ್ಪ ಎಣ್ಣೆ ಹಾಕಿದರೆ ಸರಿಹೋಗುತ್ತೆ’ ಎಂಬ ಸಲಹೆ ಕೇಳಬೇಡಿ. ಬಳೆಯ ಒಳಮೈಯ ಸಣ್ಣ ಗೀರುಗಳು ಎಣ್ಣೆಪದರವನ್ನು ಕತ್ತರಿಸಿದರೆ ತಾನೇ ಹಿಡಿತ ಸಿಗುವುದು? ಪದರ ದಪ್ಪವಾದಷ್ಟೂ ಹಿಡಿತ ತಡವಾಗುತ್ತದೆ. ಕೈಪಿಡಿ ಜಿಎಲ್-4 ದರ್ಜೆಯ ಗೇರ್ ಎಣ್ಣೆ ಎಂದಿದ್ದರೆ ಜಿಎಲ್-5 ಕೂಡ ಬೇಡ. ಅದರ ಗಂಧಕ-ರಂಜಕದ ಮಿಶ್ರಣ ಹಿತ್ತಾಳೆಗೆ ಒಗ್ಗದಿರಬಹುದು.

ಗೇರು ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಎಂಜಿನ್ ಮೌಂಟ್ (ಎಂಜಿನ್ನನ್ನು ಹಿಡಿದಿಡುವ ರಬ್ಬರ್ ಆಸರೆ) ಮೊದಲು ನೋಡಿ, ಆಮೇಲೆ ಸ್ಲೀವ್. ಕ್ಲಚ್ ಒತ್ತಿದಾಗಷ್ಟೇ ಗುಯ್ಯೆಂದರೆ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗ್, ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸಿನ ಒಳಬೇರಿಂಗ್.

ಹಿಂದ್‌ಮಾತಾ, ಮುಂಬೈಯ ಅಂಧೇರಿ ಸಬ್‌ವೇಯಂಥ ಕಡೆ ಮಳೆನೀರಿನಲ್ಲಿ ಹಾದುಬಂದ ಕಾರಿನದು ಬೇರೆಯೇ ಕಥೆ. ಬಿಸಿ ಗೇರ್‌ಬಾಕ್ಸಿಗೆ ತಣ್ಣೀರು ತಾಗಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರುಗೊಳವೆಯಿಂದ ನೀರನ್ನು ಒಳಗೆಳೆದುಕೊಳ್ಳುತ್ತದೆ. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಇಳಿಸಿ, ಹೊಸತು ತುಂಬಿ (ಸಣ್ಣ ಕಾರಿಗೆ ಸುಮಾರು 2 ಲೀಟರ್), ಸ್ವಲ್ಪ ದಿನ ಓಡಿಸಿ ಮತ್ತೊಮ್ಮೆ ಬದಲಿಸಿ. ಇಳಿಸಿದ ಎಣ್ಣೆಯನ್ನು ಬಿಸಿಲಿಗೆ ಹಿಡಿದು ನೋಡಿ. ಬಂಗಾರದ ಬಣ್ಣದ ಪುಡಿ ಹೆಚ್ಚಾಗಿ ಮಿನುಗಿದರೆ ಬಳೆ ಸವೆದಿದೆ. ಉಕ್ಕಿನ ಚೂರುಗಳೇ ಸಿಕ್ಕರೆ ಹಲ್ಲು ಮುರಿದಿದೆ, ಗೇರ್‌ಬಾಕ್ಸ್ ಬಿಚ್ಚಿಸಲೇಬೇಕು.