ಪಾಸ್‌ವರ್ಡ್‌ಗೆ ಬೀಗ, ಬಾಗಿಲು ಮಾತ್ರ ತೆರೆದೇ ಇದೆ

ಅಂತರಜಾಲಕ್ಕೆ ಹೊಸದಾಗಿ ಜೋಡಿಸಿದ ಲಿನಕ್ಸ್ ಸರ್ವರ್‌ನ ಲಾಗ್ ಕಡತವನ್ನು ಒಂದು ದಿನ ಬಿಟ್ಟು ತೆರೆದು ನೋಡಿ. ರೂಟ್, ಅಡ್ಮಿನ್, ಟೆಸ್ಟ್, ಒರಾಕಲ್ ಎಂದು ಒಂದೊಂದೇ ಹೆಸರು ಹೇಳಿ ಬಾಗಿಲು ತಟ್ಟಿದ ಗುರುತುಗಳು ಸಾಲುಗಟ್ಟಿರುತ್ತವೆ. ಹಗಲಿರುಳೂ ಪಾಸ್‌ವರ್ಡ್ ಊಹಿಸುತ್ತಾ ಕೂರುವ ಪ್ರೋಗ್ರಾಮುಗಳ ಕೆಲಸವಿದು.

ತಟ್ಟುತ್ತಿರುವ ಬಾಗಿಲಿನ ಹೆಸರು ಎಸ್‌ಎಸ್‌ಎಚ್, ಅಂದರೆ ಜಾಲದ ಮೂಲಕ ದೂರದ ಕಂಪ್ಯೂಟರ್‌ಗೆ ಗುಪ್ತವಾಗಿ ಲಾಗಿನ್ ಆಗುವ ವ್ಯವಸ್ಥೆ. ಅದಕ್ಕೂ ಮೊದಲಿದ್ದ ಟೆಲ್ನೆಟ್‌ನಲ್ಲಿ ಪಾಸ್‌ವರ್ಡ್ ಯಾವ ಮುಸುಕೂ ಇಲ್ಲದೆ ಜಾಲದಲ್ಲಿ ಸಾಗುತ್ತಿತ್ತು. ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಹೀಗೆ ಪಾಸ್‌ವರ್ಡ್‌ಗಳು ಕಳುವಾದ ಮೇಲೆ, ಅಲ್ಲಿನ ಸಂಶೋಧಕ ತಾತು ಯುಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ರಚಿಸಿದರು. ದಾರಿಗಳ್ಳರ ಭಯ ಅದರಿಂದ ತಗ್ಗಿತು. ಯಾರನ್ನು ಒಳಗೆ ಬಿಡಬೇಕು ಎಂಬುದನ್ನು ಮಾತ್ರ ಸರ್ವರ್ ನೋಡಿಕೊಳ್ಳುವವರೇ ತೀರ್ಮಾನಿಸಬೇಕು.

ಲಿನಕ್ಸ್‌ಗೆ ಮಾದರಿಯಾದ ಯುನಿಕ್ಸ್‌ನಲ್ಲಿ ಪ್ರತಿ ಖಾತೆಗೂ ಒಂದು ಸಾಲಿನ ದಾಖಲೆ ಇದೆ. ಲಿನಕ್ಸ್‌ನಲ್ಲಿ ಆ ಸಾಲಿನ ಏಳನೆಯ, ಅಂದರೆ ಕೊನೆಯ ಅಂಕಣದಲ್ಲಿ ಬಳಕೆದಾರರ ಶೆಲ್ (ಲಾಗಿನ್ ಆದೊಡನೆ ತೆರೆದು ಆಜ್ಞೆಗಳನ್ನು ಸ್ವೀಕರಿಸುವ ಪ್ರೋಗ್ರಾಮು) ಯಾವುದೆಂದು ಬರೆದಿರುತ್ತದೆ. ಅಲ್ಲಿ ನೋಲಾಗಿನ್ ಎಂದಿದ್ದರೆ, ‘ಈ ಖಾತೆ ಸದ್ಯಕ್ಕೆ ಲಭ್ಯವಿಲ್ಲ’ ಎಂಬರ್ಥದ ಒಂದು ಸಾಲನ್ನು ತೋರಿಸಿ ಅದು ಬಂದವರನ್ನು ಹೊರಗೆ ಕಳುಹಿಸುತ್ತದೆ. ವೆಬ್ ಸರ್ವರ್, ಡೇಟಾಬೇಸ್ ಮುಂತಾದವು ಓಡುವ ಖಾತೆಗಳಿಗೆ ಇದೇ ಸರಿ.

ನನ್ನನ್ನು ಹೆಚ್ಚು ಕಾಡುವುದು ಕೆಲಸ ಬಿಟ್ಟು ಹೋದವರ ಖಾತೆ. ಪಾಸ್‌ವರ್ಡ್ ಲಾಕ್ ಮಾಡಿದರೆ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ. ಆ ಆಜ್ಞೆ ಮಾಡುವುದು ಇಷ್ಟೇ: ಪಾಸ್‌ವರ್ಡ್‌ಗಳನ್ನು ಕಾದಿಡುವ ಶ್ಯಾಡೋ ಕಡತದಲ್ಲಿರುವ ಪಾಸ್‌ವರ್ಡ್‌ನ ಗುಪ್ತರೂಪದ ಮುಂದೆ ಒಂದು ಆಶ್ಚರ್ಯಸೂಚಕ ಚಿಹ್ನೆ ಇಡುತ್ತದೆ. ಅಲ್ಲಿಂದಾಚೆಗೆ ಯಾವ ಪಾಸ್‌ವರ್ಡೂ ಅದಕ್ಕೆ ತಾಳೆಯಾಗದು. ಆದರೆ ಆ ವ್ಯಕ್ತಿ ಎಂದೋ ತನ್ನ ಎಸ್‌ಎಸ್‌ಎಚ್ ಕೀಲಿಯನ್ನು (ಪಾಸ್‌ವರ್ಡ್ ಬದಲು ಗುರುತು ಸಾಬೀತುಪಡಿಸುವ ಕಡತ) ಖಾತೆಯಲ್ಲಿ ಸೇರಿಸಿಟ್ಟಿದ್ದರೆ, ಪಾಸ್‌ವರ್ಡಿನ ಗೊಡವೆಯೇ ಇಲ್ಲದೆ ನೇರ ಒಳಗೆ ಬರಬಹುದು. ಬಹುತೇಕ ಲಿನಕ್ಸ್‌ಗಳಲ್ಲಿ ಇಂದಿಗೂ ಇದೇ ಸ್ಥಿತಿ. ಆದ್ದರಿಂದ ಖಾತೆಯ ಅವಧಿಯನ್ನೇ ಮುಗಿಸಬೇಕು, ಕೀಲಿಯನ್ನೂ ತೆಗೆಯಬೇಕು.

ಇನ್ನೂ ಗಟ್ಟಿಯಾದ ಕ್ರಮ ಎಸ್‌ಎಸ್‌ಎಚ್‌ನ ಸಂರಚನೆಯಲ್ಲೇ ಇದೆ. ಅಲೋಯೂಸರ್ಸ್ ಎಂಬ ಸಾಲಿನಲ್ಲಿ ಬರಬಹುದಾದವರ ಹೆಸರುಗಳನ್ನಷ್ಟೇ ಬರೆದರೆ, ಉಳಿದವರ ಬಳಿ ಸರಿಯಾದ ಕೀಲಿ ಇದ್ದರೂ ಪ್ರವೇಶವಿಲ್ಲ. ಎಲ್ಲ ಅಧಿಕಾರವೂ ಇರುವ ರೂಟ್ ಖಾತೆಗೆ ನೇರ ಲಾಗಿನ್ ನಿಲ್ಲಿಸಲು ಬೇರೆಯೇ ಸಾಲಿದೆ.

ಆ ಪಟ್ಟಿಯಲ್ಲಿ ಸ್ವಂತ ಹೆಸರಿನ ಒಂದಕ್ಷರ ತಪ್ಪಿದರೂ ನೀವೇ ಹೊರಗುಳಿಯುತ್ತೀರಿ. ಬದಲಾವಣೆ ಜಾರಿಯಾದ ಮೇಲೆ, ಈಗಾಗಲೇ ಲಾಗಿನ್ ಆಗಿರುವ ಕಿಟಕಿಯನ್ನು ಮುಚ್ಚದೆ ಇನ್ನೊಂದು ಕಿಟಕಿಯಿಂದ ಲಾಗಿನ್ ಮಾಡಿ ನೋಡಿ.