ತೂತು ಚೀಲದ ರಾಗಿ ಮತ್ತು ಕಾಲೇಜು ಫುಟ್‌ಬಾಲ್

ಅಮೆರಿಕದ ಕಾಲೇಜು ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಮೊಟ್ಟೆಯಾಕಾರದ ಚೆಂಡಿನ ಆಟ. ಋತುವಿನ ಕೊನೆಗೆ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಅದರ ನಾಕೌಟ್ ಟೂರ್ನಿ, ಅಂದರೆ ಪ್ಲೇಆಫ್, 2014ರಲ್ಲಿ ಶುರುವಾದಾಗ ಅದರಲ್ಲಿ ನಾಲ್ಕೇ ತಂಡ. 2024ರಲ್ಲಿ 12 ಆಯಿತು. ಈಗ 16 ಮಾಡೋಣವೋ 24 ಮಾಡೋಣವೋ ಅಂತ ಜಗಳ. ತಂಡ ಜಾಸ್ತಿಯಾದಷ್ಟೂ ನಿಜವಾದ ಚಾಂಪಿಯನ್ ಯಾರೆಂದು ಗೊತ್ತಾಗುತ್ತದೆ ಅನ್ನುವವರನ್ನು ಕಂಡರೆ ನನಗೆ ತಾಳ್ಮೆ ಉಳಿಯುವುದಿಲ್ಲ.

ಎಲ್ಲರಿಗಿಂತ ಬಲವಾದ ಒಂದು ತಂಡ ಇದೆ ಅನ್ನಿ. ಯಾರೇ ಎದುರಾಗಲಿ, ಹತ್ತರಲ್ಲಿ ಏಳು ಸಲ ಗೆಲ್ಲುತ್ತದೆ. ಟೂರ್ನಿಯಲ್ಲಿ ನಾಲ್ಕೇ ತಂಡ, ಎರಡು ಪಂದ್ಯ ಗೆದ್ದರೆ ಕಪ್ ಅಂದರೆ ಅದರ ಅವಕಾಶ 0.7 × 0.7, ಶೇ 49. ತಂಡಗಳು ಹೆಚ್ಚಿ ಮೂರು ಗೆಲ್ಲಬೇಕಾದರೆ ಶೇ 34. ನಾಲ್ಕಾದರೆ ಶೇ 24. ತೂತು ಬಿದ್ದ ಚೀಲದಲ್ಲಿ ರಾಗಿ ಹೊತ್ತ ಹಾಗೆ. ದಾರಿ ಉದ್ದವಾದಷ್ಟೂ ಮನೆ ಸೇರುವ ರಾಗಿ ಕಡಿಮೆ.

ಅನ್ನ ಬೆಂದಿದೆಯಾ ಅಂತ ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು, ಅಲ್ವಾ? ಇಡೀ ಪಾತ್ರೆಗೆ ಒಂದೇ ಉರಿ. ತಂಡಕ್ಕೆ ಮಾತ್ರ ಒಂದು ಶನಿವಾರದ ಪಂದ್ಯದ ಹಾಗೆ ಇನ್ನೊಂದು ಇರುವುದಿಲ್ಲ. ಆ ಮೊಟ್ಟೆಯಾಕಾರದ ಚೆಂಡು ನೆಲಕ್ಕೆ ಬಿದ್ದರೆ ಯಾವ ಕಡೆ ಪುಟಿಯುತ್ತದೋ ಯಾರಿಗೆ ಗೊತ್ತು! ಎನ್‌ಬಿಎ ಬಾಸ್ಕೆಟ್‌ಬಾಲ್‌ನಲ್ಲಿ ಏಳು ಪಂದ್ಯಗಳ ಸರಣಿ ಇಡುವುದು ಇದಕ್ಕೇ. ಅಲ್ಲಿ ನಮ್ಮ ಶೇ 70ರ ತಂಡ ಒಂದು ಸರಣಿ ಗೆಲ್ಲುವ ಅವಕಾಶ ಶೇ 87. ಫುಟ್‌ಬಾಲ್‌ನಲ್ಲಿ ಒಬ್ಬರಿಗೊಬ್ಬರು ಏಳು ಸಲ ಡಿಕ್ಕಿ ಹೊಡೆದರೆ ಮೂಳೆ ಉಳಿಯಬೇಕಲ್ಲ.

ಇದು ಹಳೇ ತಕರಾರು. 1883ರಲ್ಲಿ ಆಕ್ಸ್‌ಫರ್ಡಿನ ಗಣಿತಜ್ಞ ಚಾರ್ಲ್ಸ್ ಡಾಜ್‌ಸನ್, ಅಂದರೆ ಮಕ್ಕಳ ಕಥೆಗಳ ಲೂಯಿಸ್ ಕ್ಯಾರಲ್, ಟೆನಿಸ್ ಟೂರ್ನಿಗಳ ಮೇಲೆ ಸಿಟ್ಟಾಗಿದ್ದರು. ಬಲಶಾಲಿಯೇ ಪ್ರತಿ ಸಲ ಗೆಲ್ಲುತ್ತಾನೆ ಅಂತಲೇ ಇಟ್ಟುಕೊಳ್ಳಿ. ಆಗಲೂ 32 ಜನರ ನಾಕೌಟ್‌ನಲ್ಲಿ ಎರಡನೇ ಒಳ್ಳೆಯ ಆಟಗಾರನಿಗೆ ಎರಡನೇ ಬಹುಮಾನ ಸಿಗುವ ಅವಕಾಶ 31ರಲ್ಲಿ 16. ಪಂದ್ಯಪಟ್ಟಿಯಲ್ಲಿ ಮೊದಲನೆಯವನಿರುವ ಅರ್ಧಕ್ಕೇ ಬಿದ್ದರೆ ಫೈನಲ್‌ಗೆ ಮುಂಚೆಯೇ ಮನೆಗೆ.

2024ರ ಋತುವನ್ನೇ ನೋಡಿ. ಒಂದೂ ಪಂದ್ಯ ಸೋಲದ ಒರೆಗಾನ್ ಮೊದಲ ಶ್ರೇಯಾಂಕ ಪಡೆಯಿತು. ಅಕ್ಟೋಬರ್‌ನಲ್ಲಿ ಒಹಾಯೊ ಸ್ಟೇಟನ್ನು 32–31ರಿಂದ ಸೋಲಿಸಿತ್ತು. ಪ್ಲೇಆಫ್‌ನಲ್ಲಿ ಮೊದಲ ಪಂದ್ಯಕ್ಕೇ ಅದೇ ಒಹಾಯೊ ಎದುರಾಗಿ 41–21ರಿಂದ ಕೆಡವಿತು. ಬೈ ಪಡೆದಿದ್ದ, ಅಂದರೆ ಮೊದಲ ಸುತ್ತು ಆಡದೆ ನೇರ ಎರಡನೇ ಸುತ್ತಿಗೆ ಹೋದ, ನಾಲ್ಕೂ ತಂಡಗಳು ಮೊದಲ ಪಂದ್ಯದಲ್ಲೇ ಸೋತವು. ಎರಡು ಪಂದ್ಯ ಸೋತು ಬಂದಿದ್ದ ಎಂಟನೇ ಶ್ರೇಯಾಂಕದ ಒಹಾಯೊ ಚಾಂಪಿಯನ್ ಆಯಿತು. ಅದೇ ಎಲ್ಲರಿಗಿಂತ ಒಳ್ಳೆಯ ತಂಡವೋ? ಇರಬಹುದು. ಕಪ್ ಮಾತ್ರ ಅದಕ್ಕೆ ಸಾಕ್ಷಿ ಅಲ್ಲ.

ಹಾಗಂತ ನಾಲ್ಕೇ ಸರಿ ಅಂತಲೂ ಅಲ್ಲ. 130ಕ್ಕೂ ಹೆಚ್ಚು ತಂಡಗಳು, ಪ್ರತಿಯೊಂದಕ್ಕೂ 12ರಷ್ಟೇ ಲೀಗ್ ಪಂದ್ಯ. ಬಹುಪಾಲು ತಂಡಗಳು ಒಂದನ್ನೊಂದು ನೋಡುವುದೇ ಇಲ್ಲ. 2023ರಲ್ಲಿ 13ಕ್ಕೆ 13 ಗೆದ್ದ ಫ್ಲಾರಿಡಾ ಸ್ಟೇಟ್ ಬಾಗಿಲ ಹೊರಗೇ ಉಳಿಯಿತು. 12ಕ್ಕೆ ಏರಿಸಿದ್ದು ಅಂಥ ತಪ್ಪಿಗೆ ಮದ್ದು. ಆದರೆ 24ನೇ ಸ್ಥಾನದ ತಂಡವೇ ದೇಶದ ಅತ್ಯುತ್ತಮ ತಂಡವಾಗಿರುವ ಸಾಧ್ಯತೆ ಎಷ್ಟು? ಅದಕ್ಕಾಗಿ 24 ಮಾಡಿದರೆ ಬೈ ಸಿಕ್ಕ ಎಂಟು ತಂಡಗಳೂ ನಾಲ್ಕು ಪಂದ್ಯ ಗೆಲ್ಲಬೇಕು. ಉಳಿದವಕ್ಕೆ ಐದು. ನಮ್ಮ ಶೇ 70ರ ತಂಡ ಹಾಗೇನಾದರೂ ಒಂಬತ್ತನೇ ಸ್ಥಾನಕ್ಕೆ ಜಾರಿದರೆ ಅದರ ಚೀಲದಲ್ಲಿ ಉಳಿಯುವ ರಾಗಿ ಶೇ 17.