ಗದ್ದೆಯಿಂದ ರ‍್ಯಾಂಪ್‌ಗೆ ಬಂದ ಕುಣಬಿ ಸೀರೆ, ಮತ್ತು ನಮ್ಮ ಕುಪ್ಯದ ಪ್ರಶ್ನೆ

ಕೊಡಗಿನಲ್ಲಿ ಆಗಾಗ ಎದ್ದು ಬರುವ ಒಂದು ಜಗಳ ಇದೆ. ರೆಸಾರ್ಟಿನ ಬಾಗಿಲಲ್ಲಿ ನಿಂತು ಅತಿಥಿಗಳನ್ನು ಬರಮಾಡಿಕೊಳ್ಳುವ ಸಿಬ್ಬಂದಿಗೆ ಕುಪ್ಯ ಚೇಲೆ, ಅಂದರೆ ಕೊಡವ ಗಂಡಸರ ಕಪ್ಪು ಅಂಗಿ ಮತ್ತು ಸೊಂಟಪಟ್ಟಿ, ತೊಡಿಸಬಹುದಾ? ಪ್ರವಾಸಿಗರು ಬರೀ ಫೋಟೊಗೆ ಅಂತ ಕೊಡವ ಉಡುಪು ತೊಡುವುದು ಸರಿಯಾ? ನಮ್ಮ ಉಡುಪು ಯೂನಿಫಾರ್ಮ್ ಅಲ್ಲ ಅನ್ನುವವರಿದ್ದಾರೆ. ನಾಲ್ಕು ಜನ ನೋಡಿದರೆ ತಪ್ಪೇನು ಅನ್ನುವವರೂ ಇದ್ದಾರೆ. ಈ ಮಾತು ಬಂದಾಗಲೆಲ್ಲ ನನಗೆ ಗೋವಾದ ವಸ್ತ್ರವಿನ್ಯಾಸಕ ವೆಂಡೆಲ್ ರಾಡ್ರಿಕ್ಸ್ ನೆನಪಾಗುತ್ತಾರೆ. ಒಂದು ಸಮುದಾಯದ ಉಡುಪನ್ನು ಹೊರಗಿನ ಲೋಕಕ್ಕೆ ಹೇಗೆ ಒಯ್ಯಬೇಕು ಅಂತ ನಮ್ಮ ಕಾಲದಲ್ಲಿ ಮಾಡಿ ತೋರಿಸಿದವರು ಅವರು.

ವೆಂಡೆಲ್ ಹುಟ್ಟಿದ್ದು 1960ರಲ್ಲಿ. ಬೆಳೆದದ್ದು ಮುಂಬೈಯಲ್ಲಿ. ಮಸ್ಕತ್‌ನಲ್ಲಿ ನೌಕರಿ ಮಾಡಿ ಕೂಡಿಟ್ಟ ದುಡ್ಡಿನಲ್ಲಿ ಅಮೆರಿಕ ಮತ್ತು ಪ್ಯಾರಿಸ್‌ಗೆ ಹೋಗಿ ಫ್ಯಾಷನ್ ಕಲಿತರು. ಪ್ಯಾರಿಸ್‌ನಲ್ಲಿ ಕೆಲಸ ಕೇಳಲು ಹೋದಾಗ ಎದುರಾದ ಪ್ರಶ್ನೆ ಅವರನ್ನು ಬದಲಿಸಿತು. ನಿಮ್ಮ ಬಟ್ಟೆಯಲ್ಲಿ ನಿಮ್ಮ ದೇಶ ಯಾಕೆ ಕಾಣುತ್ತಿಲ್ಲ ಅಂತ ಕೇಳಿದರಂತೆ. ವಾಪಸ್ ಬಂದವರು ಗೋವಾದ ಕೋಲ್ವಾಳದಲ್ಲಿ ನೆಲೆ ನಿಂತರು.

ಆಗ ನಮ್ಮಲ್ಲಿ ಡಿಸೈನರ್ ಬಟ್ಟೆ ಅಂದರೆ ಜರಿ, ಕಸೂತಿ, ಮಣಿ, ಭಾರ. ವೆಂಡೆಲ್ ಇದೆಲ್ಲ ಬಿಟ್ಟರು. ಬಿಳಿ ಬಣ್ಣ, ತೆಳು ಬಟ್ಟೆ, ಸಡಿಲ ನೆರಿಗೆ. ಕರಾವಳಿಯ ಸೆಕೆಗೆ ಒಗ್ಗುವ, ಮೈಗೆ ಗಾಳಿ ಆಡುವ ಉಡುಪು. ರೆಸಾರ್ಟ್ ವೇರ್ ಅಂತ ಇವತ್ತು ಎಲ್ಲ ಅಂಗಡಿಯಲ್ಲೂ ಸಿಗುವ ಬಗೆಯನ್ನು ಇಲ್ಲಿ ಬೆಳೆಸಿದವರಲ್ಲಿ ಅವರು ಮುಂಚೂಣಿಯವರು. ಬೆಂಗಳೂರಿನ ದೀಪಿಕಾ ಪಡುಕೋಣೆ ಮಾಡೆಲಿಂಗ್‌ನ ಆರಂಭದ ದಿನಗಳಲ್ಲಿ ಅವರಿಗಾಗಿ ರ‍್ಯಾಂಪ್ ಮೇಲೆ ನಡೆದಿದ್ದರು. ಬೆಂಗಳೂರಲ್ಲೇ ಬೆಳೆದ ಅನುಷ್ಕಾ ಶರ್ಮಾ 2007ರಲ್ಲಿ ರ‍್ಯಾಂಪ್‌ಗೆ ಬಂದದ್ದೂ ಅವರ ಉಡುಪಿನಲ್ಲೇ.

ಆದರೆ ವೆಂಡೆಲ್ ಕೆಲಸದಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಅಂದರೆ ನಾನು ಹೇಳುವುದು ಕುಣಬಿ ಸೀರೆ.

ಕುಣಬಿಗಳು ಗೋವಾದ ಹಳೆಯ ಬೇಸಾಯಗಾರರು. ನಮ್ಮ ಉತ್ತರ ಕನ್ನಡದ ಜೋಯಿಡಾ ಕಡೆಯವರಿಗೆ ಅವರ ಪರಿಚಯ ಚೆನ್ನಾಗಿದೆ. ಕೆಂಪು ನೆಲದಲ್ಲಿ ಬಿಳಿ ಗೆರೆಗಳ ಚೌಕುಳಿ, ಒರಟು ಹತ್ತಿ, ಮೊಣಕಾಲಿನವರೆಗಿನ ಉಡಿಗೆ, ಭುಜದ ಮೇಲೆ ಒಂದು ಗಂಟು. ಅಷ್ಟೇ ಅವರ ಸೀರೆ. ಕೆಸರಲ್ಲಿ ನಿಂತು ನಾಟಿ ಮಾಡುವವಳಿಗೆ ಸೆರಗು ಜಾರಬಾರದು, ಅಂಚು ನೆನೆಯಬಾರದು. ಆ ಸೀರೆಯ ಒಂದೊಂದು ಅಳತೆಯ ಹಿಂದೆಯೂ ಗದ್ದೆಯ ಕೆಲಸ ಇತ್ತು.

ಗೋವಾದಲ್ಲಿ ಉಡುಪು ಸುಮ್ನೆ ಉಡುಪಾಗಿ ಉಳಿಯಲಿಲ್ಲ. 1510ರಿಂದ 1961ರವರೆಗೆ ಅಲ್ಲಿ ಪೋರ್ಚುಗೀಸರ ಆಳ್ವಿಕೆ. ಮತಾಂತರ ಆದವರು ಹಳೆಯ ಆಚಾರ, ಹಳೆಯ ಬಟ್ಟೆ ಬಿಡಬೇಕು ಅಂತ ಚರ್ಚಿನ ವಿಚಾರಣಾ ಮಂಡಳಿಯಾದ ಇನ್‌ಕ್ವಿಸಿಷನ್ ಆದೇಶ ಹೊರಡಿಸಿತ್ತು. ಮೇಲ್ವರ್ಗದ ಮನೆಗಳಲ್ಲಿ ಗೌನು ಬಂತು. ಸೀರೆಗೂ ಗೌನಿಗೂ ನಡುವಿನ ಪಾನೊ ಬಾಜು ಎಂಬ ಉಡುಪೂ ಹುಟ್ಟಿತು. ಇಷ್ಟೆಲ್ಲ ಆದರೂ ಗದ್ದೆಯ ಹೆಂಗಸರು ಚೌಕುಳಿ ಸೀರೆ ಬಿಡಲಿಲ್ಲ. ಅದು ಕಾಣೆಯಾದದ್ದು ಆಮೇಲೆ. ಗಿರಣಿಯ ಅಗ್ಗದ ಸೀರೆ, ನೈಲಾನ್, ಪಾಲಿಯೆಸ್ಟರ್ ಪೇಟೆಗೆ ಬಂದವು. ಬೇಡಿಕೆ ಇಲ್ಲದೆ ಮಗ್ಗಗಳು ನಿಂತವು. ಕಡೆಗೆ ಜನಪದ ನೃತ್ಯದ ತಂಡಗಳ ವೇಷವಾಗಿ ಮಾತ್ರ ಅದು ಹೆಚ್ಚಾಗಿ ಕಾಣಿಸುತ್ತಿತ್ತು. ಇದನ್ನು ಓದುವಾಗ ಹೊಟ್ಟೆ ಹಿಂಡಿದ ಹಾಗಾಗುತ್ತದೆ. ಆದೇಶಕ್ಕೆ ಬಗ್ಗದ ಸೀರೆ ಅಗ್ಗದ ಬೆಲೆಗೆ ಸೋತಿತು.

ವೆಂಡೆಲ್ ಇದಕ್ಕೆ ಕೈ ಹಾಕಿದ ರೀತಿ ನೋಡಿ. ಚೌಕುಳಿಯ ಪ್ರಿಂಟ್ ಹಾಕಿಸಿ ಫ್ಯಾಷನ್ ಷೋ ಮಾಡಿ ಮುಗಿಸಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಗೋವಾದ ಉಡುಪಿನ ಚರಿತ್ರೆಯನ್ನು ವರ್ಷಗಟ್ಟಲೆ ಹುಡುಕಿದರು. ಹಳೆಯ ಮನೆಗಳ ಪೆಟ್ಟಿಗೆ, ಫೋಟೊ, ಚಿತ್ರ, ದಾಖಲೆ ಎಲ್ಲ ನೋಡಿದರು. ಆ ಹುಡುಕಾಟ 2012ರಲ್ಲಿ ‘ಮೋಡಾ ಗೋವಾ’ ಎಂಬ ಪುಸ್ತಕವಾಯಿತು. ಅದರ ಜೊತೆಜೊತೆಗೇ ಕುಣಬಿ ಸೀರೆಯನ್ನು ಮತ್ತೆ ಕೈಮಗ್ಗದಲ್ಲಿ ನೇಯಿಸಿದರು. ಇವತ್ತಿನ ಹೆಂಗಸರು ಉಡುವಂತೆ ಉದ್ದ ಜಾಸ್ತಿ ಮಾಡಿದರು. ಬಟ್ಟೆಯನ್ನು ಮೆದು ಮಾಡಿದರು. ಚೌಕುಳಿಯನ್ನು ಬಿಡಲಿಲ್ಲ. 2010ರ ಹೊತ್ತಿಗೆ ಅದು ದೆಹಲಿಯ ಫ್ಯಾಷನ್ ವೀಕ್‌ನಲ್ಲಿತ್ತು. ಮುಖ್ಯವಾದ ಮಾತೆಂದರೆ ಅದು ಅಲ್ಲಿಗೆ ಹೋದದ್ದು ಕುಣಬಿ ಸೀರೆ ಅನ್ನುವ ಹೆಸರಿನಲ್ಲೇ. ಯಾರದ್ದು ಅನ್ನುವುದನ್ನು ಅವರು ಮುಚ್ಚಿಡಲಿಲ್ಲ. 2014ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಇನ್ನು ನಮ್ಮ ಕಡೆಗೆ ಬರೋಣ. ಕುಪ್ಯದ ಕಥೆ ಕುಣಬಿ ಸೀರೆಯ ಕಥೆಯಂಥದ್ದಲ್ಲ. ಕುಣಬಿ ಸೀರೆ ದುಡಿಮೆಯ ಬಟ್ಟೆ. ಕುಪ್ಯ ಈಗ ಕಟ್ಟುಪಾಡಿನ ಬಟ್ಟೆ. ಮೊಣಕಾಲು ದಾಟುವ ಕಪ್ಪು ಅಂಗಿ, ಅರ್ಧ ತೋಳು, ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ, ತಲೆಗೆ ಮಂಡೆತುಣಿ. ಮದುಮಗನಿಗೆ ಬಿಳಿ ಕುಪ್ಯ. ಸುಗ್ಗಿ ಹಬ್ಬವಾದ ಪುತ್ತರಿಯಲ್ಲಿ ಕದಿರು ಕೊಯ್ಯುವವರ ಮೈಮೇಲೆ ಕುಪ್ಯ ಇರಬೇಕು. ಇಂಥ ದಿನ ಇದನ್ನು ತೊಡಲೇಬೇಕು ಅನ್ನುವ ಕಟ್ಟು ಇರುವುದರಿಂದಲೇ ಅದು ಉಳಿದಿದೆ. ಅದನ್ನೇ ಬಾಗಿಲಲ್ಲಿ ನಿಂತವರಿಗೆ ದಿನಾ ತೊಡಿಸಿದರೆ ಹಿರಿಯರಿಗೆ ನೋವಾಗುವುದು ಸಹಜ ಅಲ್ವಾ? ಈ ವಿಷಯದಲ್ಲಿ ನಾನು ಆಕ್ಷೇಪ ಎತ್ತುವವರ ಪರ.

ಸೀರೆಯ ಮಾತು ಬೇರೆ. ನೆರಿಗೆ ಹಿಂದಕ್ಕೆ, ಸೆರಗು ಎಡ ತೋಳಿನ ಕೆಳಗಿಂದ ಬಂದು ಬಲ ಭುಜಕ್ಕೆ. ಬಲಮುರಿಯಲ್ಲಿ ಕಾವೇರಿಯನ್ನು ತಡೆಯಲು ನಿಂತ ಹೆಂಗಸರ ನೆರಿಗೆಯನ್ನು ನೀರಿನ ರಭಸ ಹಿಂದಕ್ಕೆ ತಿರುಗಿಸಿತು ಅನ್ನುವ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಈ ಉಡಿಗೆ ಕೊಡಗಿನ ಗೌಡರ ಮನೆಗಳಲ್ಲೂ ಇದೆ. ಈಗ ಕೂರ್ಗ್ ಸ್ಟೈಲ್ ಅಂತ ಎಲ್ಲೆಲ್ಲೋ ಉಡುತ್ತಾರೆ. ಉಡಲಿ, ಸಂತೋಷ. ಉಡುವ ರೀತಿಯನ್ನು ಕಲಿತರೆ ಯಾರಿಗೂ ನಷ್ಟ ಇಲ್ಲ.

ನನ್ನ ಚಿಂತೆ ಬೇರೆ ಕಡೆ ಇದೆ. ಇಳಕಲ್, ಮೊಳಕಾಲ್ಮೂರು, ಗುಳೇದಗುಡ್ಡದ ಹಾಗೆ ಕೊಡಗಿನಲ್ಲಿ ಮಗ್ಗದ ಊರು ಇಲ್ಲ. ಬಟ್ಟೆ ಹೊರಗಿನಿಂದ ಬರಬೇಕು. ಕುಪ್ಯದ ಬಟ್ಟೆ ಈಗ ಹೆಚ್ಚಾಗಿ ಸೂಟಿನ ಬಟ್ಟೆ. ಅದರ ಅಳತೆ ಗೊತ್ತಿರುವುದು ವಿರಾಜಪೇಟೆ, ಗೋಣಿಕೊಪ್ಪದಂಥ ಪೇಟೆಗಳ ಹಳೆಯ ಟೈಲರ್‌ಗಳಿಗೆ. ಹೆಂಗಸರ ಉದ್ದ ತೋಳಿನ ರವಿಕೆ ಗಿಡ್ಡವಾಯಿತು. ತಲೆಗೆ ಕಟ್ಟುವ ವಸ್ತ್ರ ಸಮಾರಂಭಕ್ಕೆ ಸೀಮಿತವಾಯಿತು. ಬದಲಾವಣೆ ತಪ್ಪಲ್ಲ. ಅದು ಯಾವಾಗ, ಯಾಕೆ ಆಯಿತು ಅಂತ ಬರೆದಿಟ್ಟುಕೊಂಡವರು ಕಡಿಮೆ. ಮೊದಲು ಏನಿತ್ತು ಅಂತಲೇ ತಿಳಿಯದೆ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಅಂತ ಹೇಗೆ ತೀರ್ಮಾನಿಸುವುದು?

ವೆಂಡೆಲ್ ಕೋಲ್ವಾಳದ ತಮ್ಮ ಹಳೆಯ ಮನೆ ಕಾಸಾ ದೋನಾ ಮಾರಿಯಾವನ್ನು ಉಡುಪಿನ ಮ್ಯೂಸಿಯಂ ಮಾಡಲು ಬಿಟ್ಟುಕೊಟ್ಟು ಚಿಕ್ಕ ಮನೆಗೆ ಹೋದರು. ಅದು ಬಾಗಿಲು ತೆರೆಯುವ ಮೊದಲೇ, 2020ರ ಫೆಬ್ರವರಿ 12ರಂದು, 59ನೇ ವಯಸ್ಸಿನಲ್ಲಿ ತೀರಿಕೊಂಡರು. ನಮಗೆ ಮಡಿಕೇರಿ ಕೋಟೆಯಲ್ಲಿ ಸರ್ಕಾರಿ ಮ್ಯೂಸಿಯಂ ಇದೆ. ಕೊಡವ ಸಾಹಿತ್ಯ ಅಕಾಡೆಮಿ ಇದೆ, ಗೌಡರ ಮಾತಾದ ಅರೆಭಾಷೆಗೂ ಒಂದು ಅಕಾಡೆಮಿ ಇದೆ. ಐನ್‌ಮನೆಗಳ (ಮನೆತನಗಳ ಮೂಲ ಮನೆಗಳ) ಪೆಟ್ಟಿಗೆಗಳಲ್ಲಿರುವ ಹಳೆಯ ಕುಪ್ಯ, ಚೇಲೆ, ವಸ್ತ್ರಗಳ ಫೋಟೊ ತೆಗೆದು, ಅಳತೆ ಬರೆದು, ಹೊಲಿಯುವವರ ಮಾತು ರೆಕಾರ್ಡ್ ಮಾಡುವ ಕೆಲಸವನ್ನು ಇವರು ಸೇರಿ ಶುರು ಮಾಡಬಹುದು. ನಾಟಿಯೂ ಕಾಫಿ ಕೊಯ್ಲೂ ಇಲ್ಲದ ಬೇಸಿಗೆಯಲ್ಲಿ, ಕೊಡವರ ಹಾಕಿ ಪಂದ್ಯಾವಳಿಯಾದ ಹಾಕಿ ಹಬ್ಬಕ್ಕೆ ಒಕ್ಕಗಳೆಲ್ಲ, ಅಂದರೆ ಮನೆತನಗಳೆಲ್ಲ, ಸೇರುವ ಹೊತ್ತು ಇದಕ್ಕೆ ಒಳ್ಳೆಯದು.